ಸೀಟಿನ ಕೆಳಗಿನ ಕುಂಕುಮ

20 ಅಕ್ಟೋಬರ್ 2007, ಶನಿವಾರ. ಗುಂಡ್ಲುಪೇಟೆ.

ಯಾಕಾದರೂ ಇಟ್ಟೆನೋ. ಆಯುಧಪೂಜೆಯಲ್ಲಿ ಏನನ್ನೂ ಬಿಡಬಾರದೆಂದು ಯಜಮಾನರ ಹೊಸ ಕಾರಿನ ಗುಟ್ಟಿನ ಸ್ವಿಚ್ಚಿಗೂ ಕುಂಕುಮ ಇಟ್ಟೆ. ಸೀಟಿನ ಕೆಳಗಿರುವ ಅದನ್ನು ಒತ್ತದಿದ್ದರೆ ಕಾರು ಸ್ಟಾರ್ಟ್ ಆಗುವುದಿಲ್ಲ. ಕಳ್ಳರನ್ನು ತಡೆಯಲೆಂದೇ ಹಾಕಿಸಿದ್ದು.

ಪೂಜೆಯ ಪುರಿ ಕೇಳಿಕೊಂಡು ಬಂದ ಅಪರಿಚಿತನೊಬ್ಬ ಕಾರಿನ ಬಾಗಿಲಲ್ಲಿ ಬಗ್ಗಿ ನೋಡಿದ.

“ಏನ್ಲಾ, ಸೀಟ್ ಕೆಳ್ಗೂ ದೇವ್ರು ಕುಂತವ್ನಾ?”

ನಾಚಿಕೆಯಾಗಿ ನಕ್ಕುಬಿಟ್ಟೆ.

“ರಾತ್ರಿ ಗಾಡಿ ಎಲ್ಲಿ ನಿಲ್ಲುಸ್ತೀಯಲಾ?”

“ಇಲ್ಲೇ, ಬೀದೀಲೇ ಕಣಣ್ಣ.”

ಸಂಜೆ ಅವನು ಇನ್ನೊಬ್ಬನನ್ನು ಕರೆದುಕೊಂಡು ಅದೇ ಬೀದಿಯಲ್ಲಿ ಎರಡು ಸಲ ಹಾದುಹೋದ. ಓಡಿಹೋಗಿ ಕುಂಕುಮ ಒರೆಸಿದೆ. ಹೇಳಿಬಿಡೋಣವೆಂದು ಯಜಮಾನರ ಮುಂದೆ ಹೋಗಿ ನಿಂತೆ. “ಊಟ ಮಾಡ್ಕೊಂಡ್ ಓಗ್ಲಾ” ಅಂದರು. ಊಟ ಮಾಡಿ ಬಂದೆ.

ಕಾರು ಹೋದರೆ ಪೊಲೀಸರು ಮೊದಲು ಕೇಳುವುದು, ಸ್ವಿಚ್ಚು ಯಾರಿಗೆ ಗೊತ್ತಿತ್ತು ಎಂದು. ಯಜಮಾನರನ್ನು ಬಿಟ್ಟರೆ ಡ್ರೈವರ್ ಆದ ನನಗೊಬ್ಬನಿಗೇ. ಈಗಲೇ ಎದ್ದು ಹೋಗಿ ಹೇಳಿದರೆ—