ಕಿಟಕಿ ಪಕ್ಕದ ಸ್ಪೀಕರ್

ಜೂನ್ ೧೪, ಶನಿವಾರ. ಪುತ್ತಿಗೆ.

ಇವರು ಇವತ್ತಿನ ಆಂಪ್ಲಿಫೈಯರನ್ನೂ ಬೇಡವೆಂದರು. ನನ್ನ ತಮ್ಮ ಚಿದಾನಂದ ದುಬೈಯಿಂದ ಸ್ಪೀಕರ್ ಜೋಡಿ ತಂದುಕೊಟ್ಟಾಗಿನಿಂದ ಅದಕ್ಕೆ ಹೊಂದುವ ಆಂಪ್ಲಿಫೈಯರಿನದ್ದೇ ಹುಡುಕಾಟ; ಮನೆಯಲ್ಲಿ ಊಟಕ್ಕೆ ಕೂತರೂ ವ್ಯಾಟು, ಓಮುಗಳದ್ದೇ ಮಾತು. ಪಾಪ, ಮೂಡುಬಿದಿರೆಯ ಅಂಗಡಿಯ ಧನರಾಜ್ ಇಂದು ಇನ್ನೊಂದನ್ನು ಹೊತ್ತು ತಂದು, ಜೋಡಿಸಿ, ಹಾಡು ಹಾಕಿದರು.

"ಕಿಟಕಿ ಪಕ್ಕದ್ದು ಕಮ್ಮಿ ಉಂಟು. ಇದಕ್ಕೆ ತಾಕತ್ತು ಸಾಲದು."

"ಎರಡೂ ಸಮ ಉಂಟಲ್ಲ ಸರ್?"

"ನಿಮಗೆ ಪಳಗಿದ ಕಿವಿ ಇಲ್ಲ."

ನನಗೂ ಎರಡೂ ಸಮವಾಗಿಯೇ ಕೇಳಿಸಿತ್ತು. ಅನುಮಾನ ಬಂದು, "ಸ್ಪೀಕರಿಗೆ ಬೆನ್ನು ಹಾಕಿ ಕೂತು ಕೇಳಿ ನೋಡುವ" ಎಂದೆ. ಗೊಣಗುತ್ತ ಕುರ್ಚಿ ತಿರುಗಿಸಿ, ಕಣ್ಣು ಮುಚ್ಚಿ ಕೂತರು.

"ಎಂಥ ಮಾರಾಯ್ತಿ ಇದು! ಈಗ ಬಾಗಿಲ ಪಕ್ಕದ್ದು ಕಮ್ಮಿ!"

ಧನರಾಜ್ ಬಗ್ಗಿ ವೈರು ಸುತ್ತತೊಡಗಿದರು. ನಗು ತಡೆಯಲು ಎಂದು ನನಗೆ ಗೊತ್ತಾಯಿತು.

ಸಂಜೆ ಡಾಕ್ಟರು ಇವರ ಎಡಗಿವಿಯಿಂದ ಗುಗ್ಗೆ ತೆಗೆದು ಟ್ರೇಯಲ್ಲಿಟ್ಟು ತೋರಿಸಿದರು. ದಾರಿಯುದ್ದಕ್ಕೂ ಇವರದು ಒಂದೇ ಮಾತು: "ಧನರಾಜನಿಗೆ ಹೇಳ್ಬೇಡ." ಮನೆಗೆ ಬಂದು, ಧನರಾಜ್ ಬಿಟ್ಟುಹೋಗಿದ್ದ ಅದೇ ಆಂಪ್ಲಿಫೈಯರಿನಲ್ಲಿ ಅದೇ ಹಾಡು ಹಾಕಿದರು. ತಬಲದ ಬೆರಳು ಬೆರಳೂ ಕೇಳಿಸುತ್ತದೆಂದು ಮಗುವಿನಂತೆ ಮುಖ ಅರಳಿಸಿ ಕೂತಿದ್ದರು. ನೋಡಿ ನನಗೂ ಹೊಟ್ಟೆ ತಂಪಾಯಿತು.

ಆಮೇಲೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ಇವರ ಅಕ್ಕನ ಬಗ್ಗೆ ನನ್ನಷ್ಟಕ್ಕೇ ಏನೋ ಅಂದುಕೊಂಡೆ.

"ಅಕ್ಕ ಎಂಥ ಮಾಡಿದ್ದು ನಿಂಗೆ?" ಎಂದು ಜಗಲಿಯಿಂದ ಸ್ವರ ಬಂತು.

ಇಷ್ಟು ವರ್ಷ ಈ ಮನೆಯಲ್ಲಿ ಎಷ್ಟು ನಿಶ್ಚಿಂತೆಯಿಂದ ಮಾತಾಡಿಕೊಂಡಿದ್ದೆ. ಇನ್ನು ನಾಳೆಯಿಂದ ಪಾತ್ರೆಗಳ ಹತ್ತಿರವೂ ಬಾಯಿ ಮುಚ್ಚಿಕೊಂಡೇ ಇರಬೇಕು.