ಮೇಜಿನ ಮೇಲಿನ ಇನ್ನೊಂದು ಮೌಸ್

ಮದ್ದೂರು,
ಶನಿವಾರ, 13 ಜುಲೈ 2024

ನನ್ನ ಕೋಪದ ಕೂಸು ನಾಗಶ್ರೀಗೆ,

ಮೈ ಹೇಗಿದೆ? ಹಾಸ್ಟೆಲಿನ ಅನ್ನಕ್ಕೆ ಸೋಡಾ ಹಾಕುತ್ತಾರೆ ಎಂದಿದ್ದೆಯಲ್ಲ, ಹೊಟ್ಟೆನೋವು ಮತ್ತೆ ಬಂತಾ? ಲ್ಯಾಬ್ ಪರೀಕ್ಷೆ ಮುಗಿಯಿತಾ? ಮೈಸೂರಿನಲ್ಲಿ ಆಷಾಢದ ಗಾಳಿ ಇಲ್ಲಿಗಿಂತ ಜೋರು, ಕಿವಿಗೆ ಬಟ್ಟೆ ಕಟ್ಟಿಕೊಂಡು ಓಡಾಡು. ನಾವು ಚೆನ್ನಾಗಿದ್ದೇವೆ. ಅಂಗನವಾಡಿ ಮಕ್ಕಳ ಜೊತೆ ಕೂತೆದ್ದು ಕೂತೆದ್ದು ನನ್ನ ಮಂಡಿನೋವು ಹಾಗೇ ಇದೆ. ಫೋನು ಮಾಡಿದರೆ ಎತ್ತುವುದಿಲ್ಲ, ಮೆಸೇಜು ಹಾಕಿದರೆ ನೀಲಿ ಗೆರೆ ಬೀಳಿಸಿ ಸುಮ್ಮನಾಗುತ್ತೀಯ. ಅದಕ್ಕೇ ಈ ಕಾಗದ. ಹರಿದು ಹಾಕುವುದಿದ್ದರೂ ಒಂದು ಸಲ ಕೈಗೆತ್ತಿಕೊಳ್ಳಲೇಬೇಕಲ್ಲ.

ಮೇ ತಿಂಗಳಲ್ಲಿ ಮಂಡ್ಯದ ಆ ಗೇಮಿಂಗ್ ಸೆಂಟರಿನಲ್ಲಿ ನಡೆದದ್ದನ್ನು ನೀನು ಅಳದೆ ಹೇಳಿದೆ, ನಾನು ಅಳದೆ ಕೇಳಿದೆ. ಆದರೆ ಮರೆತಿಲ್ಲ. ಜೋಡಿ ಪಂದ್ಯ. ನಿನ್ನ ಜೋಡಿ ಆ ಅಂಬರೀಶ್. ಬೆಳಗಿನ ಪಂದ್ಯಗಳನ್ನೆಲ್ಲ ನೀನೇ ಗೆಲ್ಲಿಸಿಕೊಟ್ಟೆ. ಊಟದ ಹೊತ್ತಿಗೆ 'ಮದ್ದೂರಲ್ಲಿ ಯಾವ ಬೀದಿ ನಿಮ್ದು?' ಎಂದು ಕೇಳಿದ. ಬೀದಿ ಕೇಳುವವರು ಕಾಗದ ಹಾಕುವುದಕ್ಕೆಂದು ಕೇಳುವುದಿಲ್ಲ; ನನಗದು ಹಳೆಯ ಪಾಠ, ನಿನಗೆ ಅವತ್ತು ಹೊಸದು. ನಮ್ಮದು ಕೇರಿ ಎಂದು ಅವನಿಗೆ ತಿಳಿಯಿತು. ಮಧ್ಯಾಹ್ನದ ಪಂದ್ಯದ ನಡುವೆ ನಿನ್ನ ವೈರಿಲ್ಲದ ಮೌಸಿನ ಸೆಲ್ಲು ಸತ್ತಿತು. ಅವನ ಇನ್ನೊಂದು ಮೌಸ್ ಮೇಜಿನ ಮೇಲೇ ಇತ್ತು. ಬೆಳಗ್ಗೆ ಅದನ್ನೇ ಪಕ್ಕದ ಹುಡುಗನಿಗೆ ಕೇಳುವ ಮೊದಲೇ ಕೊಟ್ಟಿದ್ದ. ನೀನು ಕೈ ಚಾಚಿದೆ. ಅವನು ಅದನ್ನೆತ್ತಿ ಬ್ಯಾಗಿಗೆ ಹಾಕಿ ಜಿಪ್ ಎಳೆದ. 'ಇದು ನನ್ ಸ್ವಂತದ್ದು, ಯಾರ್ಗೂ ಕೊಡಕಿಲ್ಲ.' ಪಂದ್ಯ ಸೋತಿರಿ, ಅವನೂ ಸೋತ! ತಾನು ಸೋತರೂ ಸರಿ, ನಿನ್ನ ಬೆರಳು ತನ್ನ ಸಾಮಾನಿಗೆ ತಾಗಬಾರದು. ಥೂ, ಇದೆಂಥ ರೋಗ! ವೈರು ಹೋಯಿತು, ಮೈಲಿಗೆ ಹೋಗಲಿಲ್ಲ.

ಅದಕ್ಕಿಂತ ಹೆಚ್ಚು ನಿನ್ನನ್ನು ಸುಟ್ಟದ್ದು ಮನೆಗೆ ಬಂದ ಮೇಲೆ ಕೇಳಿದ ಮಾತು. ಬಸ್ ಡಿಪೋದಿಂದ ಬಂದು ಗ್ರೀಸು ಕೈ ತೊಳೆಯುತ್ತಿದ್ದ ನಿಮ್ಮಪ್ಪ, 'ಆಟ ತಾನೆ, ಬುಡವ್ವ ಅತ್ಲಾಗೆ' ಅಂದ. ನೀನು ತಿರುಗಿ ನಿಂತು, 'ಮಳವಳ್ಳಿ ಓಟ್ಲಲ್ಲಿ ಬ್ಯಾರೆ ಲೋಟ ಬ್ಯಾಡ, ಎಲ್ಲಾರ್ ಲೋಟ್ದಲ್ಲೇ ಕೊಡಿ ಅಂತ ಕುಂತಿದ್ದಲ್ಲ ನೀನು, ಅವತ್ತು ಯಾರಾದ್ರೂ ಟೀ ತಾನೆ ಬುಡ್ಲಾ ಅಂದಿದ್ರೆ ಎದ್ ಬತ್ತಿದ್ಯಾ?' ಎಂದು ಕೇಳಿದೆ. ಅವನ ಹುಬ್ಬಿನ ಮೇಲಿನ ಗಾಯದ ಗೆರೆ ಆ ಲೋಟದ ಜಗಳದ್ದೇ. ನಾನು ಅವನನ್ನು ಮೊದಲು ನೋಡಿದ್ದೂ ಅವತ್ತೇ. ಮುಖದ ಮೇಲೆ ರಕ್ತ ಇಳಿಯುತ್ತಿದ್ದರೂ ಆ ಟೀ ಮುಗಿಸಿಯೇ ಎದ್ದ ಗಂಡಸು. ಅಂಥವನು ನಿನ್ನ ಪ್ರಶ್ನೆ ಕೇಳಿ, ತೊಳೆದ ಕೈಯನ್ನೇ ಮತ್ತೆ ತೊಳೆಯತೊಡಗಿದ. ಮಾರನೆಯ ಬೆಳಗ್ಗೆ ನೀನು ಮೊದಲ ಬಸ್ಸು ಹತ್ತಿದೆ.

ಹೊರಟ ಸಿಟ್ಟಿನಲ್ಲಿ ಮೌಸ್ ಒಯ್ದೆ, ಮನೆಯ ಕಂಪ್ಯೂಟರಿಗೆ ಚುಚ್ಚಿದ್ದ ಅದರ ಉಗುರಿನಷ್ಟು ರಿಸೀವರ್ ಇಲ್ಲೇ ಉಳಿಯಿತು. ಅದಿಲ್ಲದಿದ್ದರೆ ಆ ಮೌಸ್ ಸೋಪಿನ ಡಬ್ಬಿಗಿಂತ ಕಡೆ ಎಂದು ನಿನ್ನ ಗೆಳತಿ ವೀಣ ಹೇಳಿದಳು. ಅಂದರೆ ಇಷ್ಟು ದಿನ ನೀನು ಆಡಿಯೇ ಇಲ್ಲ. ಧೂಳು ಒರೆಸುವಾಗ ನಾನು ಅದನ್ನು ಕೀಳಹೋದರೆ ನಿಮ್ಮಪ್ಪ, 'ಮುಟ್ಬ್ಯಾಡ ಕಣಮ್ಮಿ, ಅವ್ಳೇ ಬಂದು ಕೀಳ್ಲಿ' ಎಂದು ಗದರಿದ.

ಈಗ ಹೇಳುವುದನ್ನು ಕೇಳಿ ನಗಬೇಡ. ನಗು ಬಂದರೆ ನಕ್ಕುಬಿಡು, ಆ ಮುಖದಲ್ಲಿ ನಗು ಬಂದು ಬಹಳ ದಿನವಾಗಿರಬೇಕು. ನಿಮ್ಮಪ್ಪ ಆಟ ಕಲಿಯುತ್ತಿದ್ದಾನೆ! ಗೆಜ್ಜಲಗೆರೆಯ ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಇರುವ ದಿನ ವೀಣ ಬಂದು ಕಲಿಸುತ್ತಾಳೆ. ವೈರಿಲ್ಲದ್ದೇ ಬೇಕೆಂದು ಮಂಡ್ಯಕ್ಕೆ ಹೋಗಿ ಎರಡು ಮೌಸ್ ತಂದ. ಎರಡು ಯಾಕೆ ಎಂದರೆ ಒಂದನ್ನು ಡಬ್ಬಿ ಸಮೇತ ಮೇಲೆ ಎತ್ತಿಟ್ಟ. ಜನ್ಮವೆಲ್ಲ ಸ್ಪ್ಯಾನರು ಹಿಡಿದ ಕೈ. ಬಸ್ಸಿನ ನಟ್ಟು ಬಿಗಿಯುವ ಹಾಗೆ ಒತ್ತುತ್ತಾನೆ. 'ಮಾವ, ಕೋಳಿಮರಿ ಇಡ್ದಂಗೆ ಇಡ್ಕಳಿ, ಅದೇನ್ ಓಡೋಗಕಿಲ್ಲ' ಎನ್ನುತ್ತಾಳೆ ವೀಣ. ಓಡಿಯೂ ಹೋಯಿತು. ಎಡಕ್ಕೆ ತಿರುಗಬೇಕೆಂದು ಎಳೆದು ಎಳೆದು, ತಡೆಯುವ ವೈರೂ ಇಲ್ಲದೆ, ಮೇಜು ದಾಟಿ ನನ್ನ ರಾಗಿ ಮೊರದೊಳಗೆ ಬಿತ್ತು. ಪರದೆಯಲ್ಲಿ ಗುಂಡು ಹಾರಿದರೆ ಇವನು ಕುರ್ಚಿಯಲ್ಲಿ ತಲೆ ತಗ್ಗಿಸುತ್ತಾನೆ. ಆಟ ಶುರುವಾದ ಕೂಡಲೇ ಸಾಯುತ್ತಾನೆ. 'ಲೇ, ನನ್ನೇ ಯಾಕ್ರಲಾ ಮೊದ್ಲು ಒಡೀತೀರಾ?' ಎಂದು ಕಂಪ್ಯೂಟರನ್ನು ಬೈಯುತ್ತಾನೆ. 'ಬಾಗ್ಲಲ್ಲೇ ನಿಂತ್ಕತೀರಲ್ಲ ಮಾವ, ಬಚ್ಚಿಟ್ಕಬೇಕು' ಎಂದರೆ, 'ಬಚ್ಚಿಟ್ಕಂಡು ಓರಾಟ ಮಾಡೋದು ನಮ್ಗೆ ಬರಕಿಲ್ಲ ಕಣವ್ವ' ಅನ್ನುತ್ತಾನೆ.

ಮೊನ್ನೆ ಉಣ್ಣುತ್ತಾ ಕೂತವನು ಯಾರೂ ಕೇಳದೆ ತಾನಾಗಿಯೇ ಮಾತೆತ್ತಿದ. 'ಲೋಟ ಕಣ್ಣಿಗ್ ಕಾಣೋದು, ಅದ್ಕೆ ಜಗಳ ಆಡ್ದೊ. ಇದು ಜಿಪ್ಪಿನೊಳ್ಗೆ ಕುಂತದೆ. ನಂಗ್ ಕಾಣ್ಲಿಲ್ಲ, ಮಗೀಗ್ ಕಾಣ್ತು.' ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಅಪ್ಪನನ್ನು ಕ್ಷಮಿಸು ಎಂದು ನಾನು ಬರೆಯುತ್ತಿಲ್ಲ ಕಣವ್ವ. ನೀನು ಕೇಳಿದ್ದು ನ್ಯಾಯ, ಒಂದಕ್ಷರವನ್ನೂ ವಾಪಸು ತೆಗೆದುಕೊಳ್ಳಬೇಡ. ಆದರೆ ಜಿಪ್ ಎಳೆದವನು ದಿನಾ ಆಡುತ್ತಿದ್ದಾನೆ, ನೀನು ಸತ್ತ ಮೌಸನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕೂತಿದ್ದೀಯ. ಅದು ಮಾತ್ರ ನನಗೆ ಸರಿಬರಲಿಲ್ಲ. ನಾವು ಒದೆ ತಿಂದದ್ದು ನೀವು ಬಿಟ್ಟು ಬರಲಿ ಎಂದಲ್ಲ.

ಕೆರಗೋಡಿನಿಂದ ನಿಮ್ಮಜ್ಜಿ ದೇವಿರಮ್ಮ ಹುರಿಹಿಟ್ಟು ಕಳಿಸಿದ್ದಾಳೆ, ನಿನ್ನ ಪಾಲನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಎಣ್ಣೆ ಹಚ್ಚದೆ ತಲೆ ಒಣಗಿಸಿಕೊಳ್ಳಬೇಡ. ನೆತ್ತಿ ತಣ್ಣಗಿರಲಿ, ಕಣ್ಣು ಹೀಗೇ ಉರಿಯುತ್ತಿರಲಿ. ಜೈ ಭೀಮ್.

ನಿನ್ನ ಅವ್ವ,
ಮೋಹಿನಿ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಹತ್ತಿಯಲ್ಲಿ ಸುತ್ತಿ ಈ ಲಕೋಟೆಯಲ್ಲಿ ಇಟ್ಟಿರುವುದು ನಿನ್ನ ರಿಸೀವರ್. ನಿಮ್ಮಪ್ಪ ಮೊದಲು ಬೇಡವೆಂದ, 'ಅದ್ಕಾದ್ರೂ ಬತ್ತಾಳೆ' ಅಂತ. ಮಗಳನ್ನು ಹಾಗೆ ಅವಳ ಸಾಮಾನು ಒತ್ತೆ ಹಿಡಿದು ಕರೆಸಬಾರದು ಎಂದೆ. ಆಮೇಲೆ ತಾನೇ ಕಿತ್ತುಕೊಟ್ಟ. ನೀನು ಬಂದರೆ ಬಾ, ಬಿಟ್ಟರೆ ಬಿಡು, ಆಟ ಮಾತ್ರ ಆಡು. 28ನೇ ತಾರೀಖು ಭಾನುವಾರ ಅದೇ ಸೆಂಟರಿನಲ್ಲಿ ಮತ್ತೆ ಜೋಡಿ ಪಂದ್ಯ. ನಿಮ್ಮಪ್ಪ ತನ್ನ ಹೆಸರು ಕೊಟ್ಟು ಬಂದಿದ್ದಾನೆ. ಜೋಡಿ ಯಾರು ಎಂದು ಅಲ್ಲಿಯವರು ಕೇಳಿದರೆ, 'ನನ್ ಮಗ್ಳುನ್ನ ಕೇಳ್ಬೇಕು' ಎಂದು ಆ ಜಾಗ ಖಾಲಿ ಬಿಡಿಸಿದ್ದಾನೆ. ಅವನಂತೂ ಬಾಗಿಲಲ್ಲೇ ನಿಂತು ಮೊದಲು ಸಾಯುತ್ತಾನೆ, ಗೆಲ್ಲಬೇಕಾದವಳು ನೀನೇ. ಆ ಎರಡನೆಯ ಮೌಸಿಗೆ ನಿನ್ನೆ ಹೊಸ ಸೆಲ್ಲು ಹಾಕಿದ. ಪಂದ್ಯದ ದಿನ ಇದನ್ನು ಎಲ್ಲಿಡುತ್ತೀ ಎಂದು ಕೇಳಿದೆ. 'ಮೇಜಿನ್ ಮ್ಯಾಲೆ' ಅಂದ. 'ಅವ್ಳ ಕೈಗ್ ಸಿಗಂಗೆ.'