ಮೊದಲು ಎದ್ದವರು ಸೋತರು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7:20

ಅಜ್ಜಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ತಿಳಿಸಿದ್ದು ಆಸ್ಪತ್ರೆಯ ನರ್ಸ್, ಫೋನಿನಲ್ಲಿ, ಆರೂ ಹತ್ತಕ್ಕೆ. ಬಸ್ ಡಿಪೋಗೆ, ಟೈಮ್‌ಕೀಪರ್ ಕೆಲಸಕ್ಕೆ, ಬಂದಿದ್ದೇನೆ. ರಜೆ ಕೇಳಲಿಲ್ಲ — ಮನೆಯಲ್ಲಿ ಕೂತು ಮಾಡುವುದೇನು. ಮೊದಲ ಏಳು ಬಸ್ ಸಮಯಕ್ಕೆ ಹೊರಟವು. ಎಂಟನೆಯದು ನಾಲ್ಕು ನಿಮಿಷ ತಡ. ಬರೆದುಕೊಂಡೆ. ಡ್ರೈವರ್ ಗೊಣಗಿದ: "ನಾಲ್ಕು ನಿಮಿಷಕ್ಕೆ ಯಾರ ಪ್ರಾಣ ಹೋಗುತ್ತೆ ಮೇಡಂ?"

ಅದೇ ದಿನ, ಸಂಜೆ

ಡಾಕ್ಟರ್ ಕೇಳಿದರು: ಪ್ರಜ್ಞೆ ತಪ್ಪಿ ಎಷ್ಟು ಹೊತ್ತಿಗೆ ಆಂಬ್ಯುಲೆನ್ಸ್ ಕರೆದಿರಿ? ಮಾವ — ಅಮ್ಮನ ತಮ್ಮ — ಹೇಳಿದ: "ತಕ್ಷಣ ಡಾಕ್ಟ್ರೇ. ಎರಡು ನಿಮಿಷ ಆಗಿರಬಹುದು." ಅಮ್ಮ ತಲೆಯಾಡಿಸಿದಳು. ಅವಳು ನಿನ್ನೆ ಊರಲ್ಲಿರಲಿಲ್ಲ. ನಾನಿದ್ದೆ. ಸುಮ್ಮನಿದ್ದೆ.

ನಡೆದದ್ದನ್ನು ಬರೆದಿಡಬೇಕು. ಭಾನುವಾರದ ಇಸ್ಪೀಟು. ಸೋಲುವ ಹಾಗಾದರೆ ಅಜ್ಜಿ ಸತ್ತ ಹಾಗೆ ನಟಿಸುತ್ತಾಳೆ. ಕುರ್ಚಿಯಲ್ಲೇ ಕುತ್ತಿಗೆ ವಾಲಿಸಿ, ಬಾಯಿ ತೆರೆದು. ಗಾಬರಿಯಾಗಿ ಎದ್ದು ಹೋದವರ ಎಲೆ ಅಷ್ಟರಲ್ಲಿ ಅವಳ ಕೈಯಲ್ಲಿರುತ್ತದೆ. ಇಪ್ಪತ್ತು ವರ್ಷದಿಂದ ಇದೇ. ಅದಕ್ಕೊಂದು ನಿಯಮವನ್ನೂ ಅವಳೇ ಮಾಡಿದ್ದಳು: ಮೊದಲು ಎದ್ದವರು ಸೋತರು. ಪ್ರತಿ ಸಲ ಏಳುತ್ತಿದ್ದವಳು ಅಮ್ಮ ಒಬ್ಬಳೇ. ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದಳು. ಅಜ್ಜಿ ಒಂದೇ ಕಣ್ಣು ತೆರೆದು, "ಏನೇ, ಇಷ್ಟು ಬೇಗ ಕಳಿಸೋಕೆ ಬಂದ್ಯಾ?" ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಿನ್ನೆಯೂ ಅಜ್ಜಿಯ ಕುತ್ತಿಗೆ ವಾಲಿತು. ಮಾವ ಏಳಲು ಹೋದ. "ಕೂತ್ಕೊ ಮಾವ, ನಾಟಕ" ಅಂದವಳು ನಾನು. ಫೋಟೋ ಬೇರೆ ತೆಗೆದೆ. ಅವಳ ಸರದಿ ಬಿಟ್ಟು ಆಟ ಮುಂದುವರಿಸಿದೆವು. ಕೊನೆಗೆ ಅತ್ತೆ ಒಳಗಿನಿಂದ ಚಹಾ ತಂದಳು. ಅಜ್ಜಿಯ ಕೈಗೆ ಲೋಟ ಇಟ್ಟಳು. ಲೋಟ ಬಿತ್ತು.

ಮಾರ್ಚ್ 4, ಮಂಗಳವಾರ

ಫೋಟೋ ತೆಗೆದದ್ದು 5:41. ಆಂಬ್ಯುಲೆನ್ಸಿಗೆ ಕರೆ 5:52. ಎರಡೂ ನನ್ನ ಫೋನಿನಲ್ಲೇ ಇವೆ. ಹನ್ನೊಂದು ನಿಮಿಷ.

ಡಾಕ್ಟರ್ ಒಬ್ಬರೇ ಇದ್ದಾಗ ಕೇಳಿದೆ — ಇನ್ನೂ ಬೇಗ ತಂದಿದ್ದರೆ? "ಹೇಳೋದು ಕಷ್ಟಮ್ಮ. ಒಂದೊಂದು ನಿಮಿಷಾನೂ ಲೆಕ್ಕಕ್ಕೆ ಬರುತ್ತೆ. ಆದ್ರೆ ನೀವು ಎರಡೇ ನಿಮಿಷ ಅಂದ್ರಲ್ಲ?" ಹೂಂ ಅಂದುಬಿಟ್ಟೆ.

ಮಾರ್ಚ್ 6, ಗುರುವಾರ

ಅಜ್ಜಿ ಹೋದಳು. ಮಧ್ಯಾಹ್ನ 2:35. ತಿಳಿಸಿದ್ದು ಅಮ್ಮ.

ಮಾರ್ಚ್ 11, ಮಂಗಳವಾರ

ಮನೆ ತುಂಬ ಜನ. ಹಿಂದಿನ ಬೀದಿಯ ಗೋದಾಮಿನ ಕಾವಲುಗಾರ ಬಂದಿದ್ದ. ಅವನ ಹೆಂಡತಿ ಬಾಣಂತಿಯಾಗಿದ್ದಾಗ ಅಜ್ಜಿ ತನ್ನ ಹಾಸಿಗೆಯನ್ನೇ ಕೊಟ್ಟು ಕಳಿಸಿದ್ದಳಂತೆ. ನಮಗೆ ಹೇಳಿದ್ದು ಬೇರೆ: ಬೆನ್ನಿಗೆ ಒಳ್ಳೆಯದು, ನೆಲದ ಮೇಲೆ ಮಲಗಿ ಎಂದಿದ್ದಾರೆ ಡಾಕ್ಟರ್. ನಾಲ್ಕು ವರ್ಷ ನಂಬಿದ್ದೆವು. ಅಮ್ಮ ನಕ್ಕಳು. "ಎಂಥ ನಾಟಕದವಳು ನೋಡಿ ಇವಳು." ನಗುತ್ತಲೇ ಅತ್ತಳು.

ಭಾನುವಾರ ಎಲ್ಲರೂ ಸೇರಿ ಅವಳನ್ನು ನೆನೆಯುವುದು. ಗೋಡೆ ತುಂಬ ಫೋಟೋ ಹಾಕಬೇಕಂತೆ. ಅಮ್ಮ ಕೇಳಿದಳು: "ಕೊನೇದು ನಿನ್ನ ಫೋನಲ್ಲೇ ಇರುತ್ತೆ ಅಲ್ವೇನೇ? ನಗ್ತಾ ಇರೋದು ಕೊಡು."

ಮಾವ ಅಡುಗೆಮನೆಗೆ ಕರೆದ.

"ಅದನ್ನ ಅಳಿಸಿಬಿಡು. ಅಕ್ಕ ತಡ್ಕೊಳ್ಳಲ್ಲ."

"ನಿಂಗೆ ನಿದ್ದೆ ಬರ್ತಿದೆಯಾ ಮಾವ?"

"ಅದನ್ನ ಕೇಳ್ಬೇಡ." ನಲ್ಲಿ ತಿರುಗಿಸಿ, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆಯತೊಡಗಿದ.

ಮಾರ್ಚ್ 14, ಶುಕ್ರವಾರ

ಅಳಿಸಲೆಂದು ಮೂರು ಸಲ ತೆರೆದೆ. ಮೂರನೆಯ ಸಲ ದೊಡ್ಡದು ಮಾಡಿ ನೋಡಿದೆ. ಅಜ್ಜಿಯ ಎಲೆಗಳು ಮಡಿಲಿಗೆ ಜಾರಿವೆ, ಮುಖ ಮೇಲಾಗಿ. ಒಂದೊಂದಾಗಿ ಕಾಗದದ ಮೇಲೆ ಬರೆದು ಜೋಡಿಸಿದೆ. ಎಲ್ಲ ಕೂಡಿತ್ತು. ಶೋ ಎಂದು ಎಲೆ ಬಿಚ್ಚಿ ಗೆಲ್ಲುವುದೊಂದೇ ಬಾಕಿ.

ಗೆಲ್ಲುವ ಆಟದಲ್ಲಿ ಅವಳು ಒಮ್ಮೆಯೂ ಸತ್ತಿದ್ದಿಲ್ಲ. ಪಕ್ಕದ ಕುರ್ಚಿ ನನ್ನದು. ಸ್ವಲ್ಪ ಬಗ್ಗಿ ಅವಳ ಎಲೆ ನೋಡಿದ್ದರೆ ಸಾಕಿತ್ತು...

ಇವತ್ತು ಇಪ್ಪತ್ತಾರು ಬಸ್. ತಡವಾದದ್ದು ಒಂದನ್ನೂ ಬರೆಯಲಿಲ್ಲ.

ಮಾರ್ಚ್ 15, ಶನಿವಾರ. ಬೆಳಿಗ್ಗೆ 8:10

ನಿನ್ನೆ ಸಂಜೆ ಅಮ್ಮನ ಫೋನ್. ನಾಳೆ ಇಸ್ಪೀಟಿನ ಕಥೆ ನಾನೇ ಹೇಳಬೇಕಂತೆ. "ಎಲ್ಲಾರೂ ನಗಬೇಕು ನೋಡು. ಅವಳಿಗೆ ಅದೇ ಇಷ್ಟ." ಆಮೇಲೆ: "ನಾನಿದ್ದಿದ್ರೆ ಅವತ್ತೂ ಎದ್ದು ಸೋಲ್ತಿದ್ದೆ, ಅಲ್ವೇನೇ?"

ಗೊತ್ತಿದ್ದು ಕೇಳಿದಳೋ, ಗೊತ್ತಿಲ್ಲದೆಯೋ. ಬಸ್ ಬಂತು ಎಂದು ಸುಳ್ಳು ಹೇಳಿ ಇಟ್ಟೆ.

ಮಾವನಿಗೆ ಫೋನ್ ಮಾಡಿದೆ. ಅಳಿಸುವುದಿಲ್ಲ, ನಾನು ಏಳುತ್ತೇನೆ ಎಂದೆ. "ಸೋಲ್ತೀಯ ಕಣೇ" ಎಂದ. ಬೇಡ ಎನ್ನಲಿಲ್ಲ.

ಅಮ್ಮನಿಗೆ ಹೇಳಬೇಕಾದದ್ದು: 5:41. 5:52. ಮಾವ ಏಳುತ್ತಿದ್ದ. ಕೂರಿಸಿದವಳು ನಾನು. ಅಜ್ಜಿಯ ಎಲೆ ಕೂಡಿತ್ತು — ಇದನ್ನು ಹೇಳಬೇಕೋ ಬೇಡವೋ...

ಗೋಡೆಗೆ ಹಾಕುವ ಫೋಟೋ ಪ್ರಿಂಟ್ ಹಾಕಿಸಲು ಅಮ್ಮ 9ಕ್ಕೆ ಬರುತ್ತಾಳೆ. ಫೋಟೋ ಅಂಗಡಿ ತೆರೆಯುವುದು 10ಕ್ಕೆ.